ಕಂಪನದ ನಾಡಿ ಹಿಡಿದ ಸರ್ ಸಿ. ವಿ. ರಾಮನ್

ಸರ್ ಚಂದ್ರಶೇಖರ ವೆಂಕಟರಾಮನ್ ಅವರ ನಾಮಧೇಯವನ್ನು ಕೇಳದ ವಿದ್ಯಾರ್ಥಿ ನಮ್ಮ ಶಾಲೆಗಳಲ್ಲಿ ಇರಲಾರನು. 1928ರ ಫೆಬ್ರವರಿ 28ರಂದು ಬೆಳಕಿನ ಚದರಿಕೆಯಲ್ಲಿ ಅವರು ಕಂಡ ಹೊಸ ವಿದ್ಯಮಾನ, ಅದಕ್ಕಾಗಿ 1930ರಲ್ಲಿ ದೊರೆತ ನೊಬೆಲ್ ಪಾರಿತೋಷಕ, 1954ರಲ್ಲಿ ಸಂದ ಭಾರತರತ್ನ ಪ್ರಶಸ್ತಿ, ಇಷ್ಟನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ ಉಪಾಧ್ಯಾಯರಾದ ನಾವು ಕೃತಾರ್ಥರಾದೆವೆಂದು ಭಾವಿಸುವುದು ರೂಢಿಯಾಗಿದೆ. ಆದರೆ ಆ ಕೀರ್ತಿಶಿಖರವನ್ನು ಏರುವುದಕ್ಕೆ ಮುನ್ನ ಹತ್ತು ಹನ್ನೆರಡು ವರ್ಷಗಳ ಕಾಲ ಆ ಮಹನೀಯರ ಚಿತ್ತವನ್ನು ಸೆರೆಹಿಡಿದಿದ್ದ ವಸ್ತು ಯಾವುದೆಂದು ಕೇಳಿದರೆ ಉತ್ತರಿಸುವವರು ವಿರಳ. ಅದು ಕಂಪನ. ತಂತಿಯ ಕಂಪನ, ಚರ್ಮದ ಕಂಪನ, ಮರದ ಹಲಗೆಯ ಕಂಪನ. ಅದರಲ್ಲಿಯೂ ವಿಶೇಷವಾಗಿ, ಲೆಕ್ಕಕ್ಕೆ ಸಿಕ್ಕದೆ ಕ್ರಮತಪ್ಪಿದಂತೆ ತೋರುವ ವಿಲಕ್ಷಣ ಕಂಪನ. ಪ್ರಸಿದ್ಧಿಯ ನೆರಳಿನಲ್ಲಿ ಮರೆಯಾದ ಆ ಭಾಗವನ್ನೇ ಮುಂದಿಟ್ಟುಕೊಂಡು ಅವರ ಜೀವನವನ್ನು ಇಲ್ಲಿ ಸ್ಮರಿಸಲು ಯತ್ನಿಸಿದ್ದೇನೆ.

ಇದಕ್ಕೆ ಕಾರಣವುಂಟು. ಯಶವಂತಪುರ, ಪೀಣ್ಯ, ಜಾಲಹಳ್ಳಿ, ಯಲಹಂಕಗಳ ಕಡೆ ಯಂತ್ರದ ಸದ್ದಿಲ್ಲದ ಬೀದಿಗಳು ಕಡಮೆ. ಈ ಭಾಗದ ಶಾಲೆಗಳಲ್ಲಿ ಓದಿದ ಅನೇಕರು ಆ ಯಂತ್ರಗಳ ಬಳಿಯಲ್ಲಿಯೇ ಬಾಳನ್ನು ಸವೆಸಿದ್ದಾರೆ. ಪಂಪಾಗಲಿ ಲೇತಾಗಲಿ ಜನರೇಟರಾಗಲಿ, ಅದರ ಒಡಲಿನಲ್ಲಿ ತಿರುಗುವ ದಂಡವೊಂದು ಇದ್ದೇ ಇರುತ್ತದೆ. ಕಾರ್ಮಿಕರು ಅದನ್ನು ಶಾಫ್ಟು ಎನ್ನುತ್ತಾರೆ. ನಿನ್ನೆಯವರೆಗೆ ಸದ್ದಿಲ್ಲದೆ ತಿರುಗುತ್ತಿದ್ದ ಶಾಫ್ಟು ಇಂದು ಅದುರತೊಡಗಿದರೆ ಅನುಭವಿಯಾದ ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮನೆಗೆ ಒತ್ತಿ, ಅದರ ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ಆಲಿಸುತ್ತಾನೆ. ವೈದ್ಯನು ನಾಡಿ ಹಿಡಿಯುವ ಭಂಗಿಯೇ ಅದು. ಕನ್ನಡದಲ್ಲಿ ಇಂತಹ ಚಲನೆಗಳಿಗೆ ಅದೆಷ್ಟು ಧಾತುಗಳಿವೆ ನೋಡಿ! ನಡುಗು, ಅದಿರು, ಅಲುಗು, ತೊನೆ, ತೂಗು, ಜೀಕು. ಭೂಮಿ ಅದಿರುತ್ತದೆ, ತೆನೆ ತೊನೆಯುತ್ತದೆ, ಚಳಿಗೆ ಮೈ ನಡುಗುತ್ತದೆ. ಒಂದರ ಸ್ಥಾನದಲ್ಲಿ ಮತ್ತೊಂದನ್ನು ಇಟ್ಟರೆ ಅರ್ಥ ಕೆಡುತ್ತದೆ. ಪದಗಳಲ್ಲಿ ಹಿರಿಯರು ಮಾಡಿದ ಈ ವಿವೇಚನೆಯನ್ನು ರಾಮನ್ ಅವರು ಪ್ರಯೋಗಶಾಲೆಯಲ್ಲಿ, ಅಳತೆಯಿಂದ ಮಾಡಿದರು. ಅವರು ಕಾರ್ಖಾನೆಯ ಶಾಫ್ಟುಗಳನ್ನು ಪರೀಕ್ಷಿಸಲು ಹೊರಟವರಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಉಚಿತ. ಅವರು ಕೇಳಿದ ಪ್ರಶ್ನೆಗಳು ಮಾತ್ರ ಶಾಫ್ಟಿನ ರೋಗವನ್ನು ಗುರುತಿಸುವವನು ಕೇಳಬೇಕಾದ ಪ್ರಶ್ನೆಗಳೇ ಆಗಿವೆ.

ರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯ ಸಮೀಪದ ತಿರುವಾನೈಕಾವಲಿನಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಅವರು ಗಣಿತ ಮತ್ತು ಭೌತಶಾಸ್ತ್ರಗಳ ಅಧ್ಯಾಪಕರು. ಪಿಟೀಲು ವಾದನದಲ್ಲಿ ಪರಿಶ್ರಮವುಳ್ಳವರು. ತಾಯಿ ಪಾರ್ವತಿ ಅಮ್ಮಾಳ್. ತಂದೆಯವರ ಉದ್ಯೋಗನಿಮಿತ್ತ ಕುಟುಂಬವು ವಿಶಾಖಪಟ್ಟಣಕ್ಕೆ ತೆರಳಿದುದರಿಂದ ಬಾಲ್ಯವು ಅಲ್ಲಿಯೇ ಕಳೆಯಿತು. ಮನೆಯಲ್ಲಿ ಒಂದು ಕಡೆ ಗಣಿತದ ಗ್ರಂಥಗಳು, ಮತ್ತೊಂದು ಕಡೆ ಪಿಟೀಲು; ಮಗನ ಮುಂದಿನ ದಾರಿಗೆ ಇವೆರಡೂ ಸಾಕಾದವು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಪದವಿಯನ್ನೂ 1907ರಲ್ಲಿ ಎಂ.ಎ. ಪದವಿಯನ್ನೂ ಉನ್ನತ ಶ್ರೇಣಿಯಲ್ಲಿ ಪಡೆದರು. ಆ ನಡುವೆ, 1906ರಲ್ಲಿಯೇ, ಅವರ ಪ್ರಥಮ ಲೇಖನ ಇಂಗ್ಲೆಂಡಿನ ಫಿಲಸಾಫಿಕಲ್ ಮ್ಯಾಗಜೀನಿನಲ್ಲಿ ಪ್ರಕಟವಾಗಿತ್ತು. ಆಗ ಅವರಿಗೆ ಹದಿನೆಂಟು ವರ್ಷ.

ಅಂದಿನ ದಿನಗಳಲ್ಲಿ ಭಾರತೀಯ ತರುಣನಿಗೆ ವಿಜ್ಞಾನವು ಜೀವನೋಪಾಯವಾಗುವ ಸಂಭವವಿರಲಿಲ್ಲ. ಹಣಕಾಸಿನ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಅದೇ 1907ರಲ್ಲಿ ಲೋಕಸುಂದರಿಯವರನ್ನು ವಿವಾಹವಾಗಿ, ರಾಮನ್ ಅವರು ಕಲ್ಕತ್ತೆಯ ಲೆಕ್ಕಪತ್ರ ಕಚೇರಿಗೆ ಅಧಿಕಾರಿಯಾಗಿ ಬಂದರು. ಅಲ್ಲಿಯ ಬೌಬಜಾರ್ ಬೀದಿಯಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂವರ್ಧನ ಸಂಘವಿತ್ತು. ಕಟ್ಟಡವಿತ್ತು, ಉಪಕರಣಗಳಿದ್ದವು, ಸಂಶೋಧಕರು ಮಾತ್ರ ಇರಲಿಲ್ಲ. ರಾಮನ್ ಅವರು ಬೆಳಗ್ಗೆ ಕಚೇರಿಗೆ ಮುಂಚೆ ಅಲ್ಲಿಗೆ ಹೋಗುವರು. ಸಂಜೆ ಕಚೇರಿ ಮುಗಿದೊಡನೆ ಮತ್ತೆ ಅಲ್ಲಿಗೇ ಹೋಗಿ ರಾತ್ರಿಯವರೆಗೆ ಇರುವರು. ಆಶುತೋಷ ಡೇ ಎಂಬ ಸಹಾಯಕರೊಬ್ಬರೇ ಸಂಗಡಿಗರು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಗಿ ಕೆಲಕಾಲ ಹೋಗಿಬಂದರೂ ಈ ವ್ರತಕ್ಕೆ ಭಂಗ ಬರಲಿಲ್ಲ. ದಾರ, ತಂತಿ, ತೂಕದ ಬಟ್ಟು, ಎರಡು ಕವಲಿನ ಉಕ್ಕಿನ ಶ್ರುತಿಕವೆ, ಒಂದಿಷ್ಟು ವಿದ್ಯುತ್ಕೋಶ, ಒಂದು ಛಾಯಾಫಲಕ: ಅವರ ಸಲಕರಣೆ ಹೆಚ್ಚುಕಡಮೆ ಇಷ್ಟೇ.

ಅವರು ಕೈಗೆತ್ತಿಕೊಂಡ ಮೊದಲ ದೊಡ್ಡ ಪ್ರಶ್ನೆಯನ್ನು ನಮ್ಮ ಪಂಚಮಿ ಹಬ್ಬದ ಜೋಕಾಲಿಯಿಂದ ತಿಳಿಯಬಹುದು. ಜೋಕಾಲಿಯ ಹಲಗೆಯ ಮೇಲೆ ನಿಂತು ಜೀಕುವ ಹುಡುಗನನ್ನು ಹಿಂದಿನಿಂದ ಯಾರೂ ನೂಕುವುದಿಲ್ಲ. ಅವನು ಮಾಡುವುದಿಷ್ಟೇ: ಕುಗ್ಗುತ್ತಾನೆ, ಏಳುತ್ತಾನೆ. ಅಷ್ಟರಿಂದಲೇ ಜೋಕಾಲಿ ಮುಗಿಲಿಗೇರುತ್ತದೆ. ಎಣಿಸಿ ನೋಡಿದವರಿಗೆ ಒಂದು ಸಂಗತಿ ಕಾಣುತ್ತದೆ. ಜೋಕಾಲಿಯು ಹೋಗಿ ಬರುವ ಒಂದು ಪೂರ್ಣ ತೂಗಿನಲ್ಲಿ ಅವನು ಎರಡು ಸಲ ಕುಗ್ಗಿ ಎದ್ದಿರುತ್ತಾನೆ. ಎಂದರೆ ಪ್ರೇರಣೆಯ ಅರ್ಧದಷ್ಟು ವೇಗದಲ್ಲಿ ಜೋಕಾಲಿ ತೂಗುತ್ತದೆ. ಜರ್ಮನಿಯ ಮೆಲ್ಡೆ ಎಂಬ ವಿದ್ವಾಂಸನು 1859ರಲ್ಲಿ ದಾರವೊಂದನ್ನು ಶ್ರುತಿಕವೆಗೆ ಕಟ್ಟಿ, ಕವೆಯು ದಾರವನ್ನು ಉದ್ದುದ್ದಕ್ಕೆ ಎಳೆದು ಬಿಡುವಂತೆ ಏರ್ಪಡಿಸಿದಾಗ ಇದೇ ಚಮತ್ಕಾರವನ್ನು ಕಂಡಿದ್ದನು. ಕವೆ ನೂರು ಸಲ ಅದುರಿದರೆ ದಾರವು ಪಕ್ಕಕ್ಕೆ ಐವತ್ತು ಸಲ ತೂಗುತ್ತಿತ್ತು. ಇಂಗ್ಲೆಂಡಿನ ರ‍್ಯಾಲೆ ಪ್ರಭುಗಳು ಇದಕ್ಕೆ ಗಣಿತದ ಆಧಾರವನ್ನು ಒದಗಿಸಿದರು.

ಪಂಡಿತರು ಮುಗಿಯಿತೆಂದು ಬಿಟ್ಟ ಈ ವಿಷಯವನ್ನು ರಾಮನ್ ಅವರು ಮತ್ತೆ ತೆರೆದರು. ದಾರದ ಬಿಗಿಯನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಹೋದಂತೆ, ಕವೆಯ ಅರ್ಧ ವೇಗದಲ್ಲಿ ಮಾತ್ರವಲ್ಲದೆ ಸರಿಸಮನಾದ ವೇಗದಲ್ಲಿಯೂ, ಒಂದೂವರೆ ಪಟ್ಟಿನಲ್ಲಿಯೂ, ಎರಡು, ಎರಡೂವರೆ ಪಟ್ಟಿನಲ್ಲಿಯೂ ದಾರವು ಕಂಪಿಸಲು ಒಪ್ಪುವುದೆಂದು ಅವರು ಕಂಡುಕೊಂಡರು. ಈ ಸ್ಥಾನಗಳ ನಡುವೆ ಅದು ಸುಮ್ಮನಿರುತ್ತಿತ್ತು. ಕಿರಿದಾದ ಸೀಳಿನ ಮೂಲಕ ಬೆಳಕು ಹಾಯಿಸಿ, ಸರಿಯುವ ಛಾಯಾಫಲಕದ ಮೇಲೆ ಕಂಪನವು ತನ್ನ ಗೆರೆಯನ್ನು ತಾನೇ ಬರೆಯುವಂತೆ ಮಾಡಿದರು. 1909ರಿಂದ ನೇಚರ್ ಪತ್ರಿಕೆಯಲ್ಲಿ ಟಿಪ್ಪಣಿಗಳು ಬಂದವು; 1912ರಲ್ಲಿ ಸಂಘದ ಪ್ರಕಟಣೆಯಾಗಿ ವಿಸ್ತೃತ ಪ್ರಬಂಧ ಹೊರಬಂದಿತು. ಕಂಪನವು ಎಷ್ಟು ಜೋರಾಗಿದೆಯೆಂದು ಕೇಳುವುದಕ್ಕೆ ಮುನ್ನ, ಅದನ್ನು ಪ್ರೇರಿಸುವ ಕಾರಣದ ವೇಗಕ್ಕೂ ಅದಕ್ಕೂ ಇರುವ ಅನುಪಾತವೇನೆಂದು ಕೇಳಬೇಕು. ಆ ಪ್ರಯೋಗಗಳ ತಿರುಳು ಇದು.

ಈಗ ಶಾಫ್ಟಿನ ಬಳಿಗೆ ಬರೋಣ. ನಿಮಿಷಕ್ಕೆ 1500 ಸುತ್ತು, ಎಂದರೆ ಸೆಕೆಂಡಿಗೆ 25 ಸುತ್ತು ತಿರುಗುವ ಪಂಪೊಂದು ಅದುರುತ್ತಿದೆಯೆಂದು ಇಟ್ಟುಕೊಳ್ಳಿ. ಅದುರು ಸೆಕೆಂಡಿಗೆ 25 ಸಲವೇ ಆಗುತ್ತಿದ್ದರೆ, ತಿರುಗುವ ಭಾಗದ ತೂಕ ಒಂದು ಮಗ್ಗುಲಿಗೆ ಹೆಚ್ಚಾಗಿರುವ ಸಂಭವ ಬಹಳ. ಎದುರು ಮಗ್ಗುಲಿಗೆ ತಕ್ಕ ತೂಕವನ್ನು ಸೇರಿಸಿದರೆ ಅದು ಶಾಂತವಾಗುತ್ತದೆ. ಸೆಕೆಂಡಿಗೆ 50 ಸಲವಾದರೆ ಮೋಟಾರಿನ ಶಾಫ್ಟೂ ಪಂಪಿನ ಶಾಫ್ಟೂ ಒಂದೇ ನೇರದಲ್ಲಿಲ್ಲವೇನೋ ಎಂದು ಶಂಕಿಸಬೇಕು. ಶಾಫ್ಟಿನಲ್ಲಿ ಬಿರುಕು ಬಿಟ್ಟಿದ್ದರೂ ಇಂತಹ ಇಮ್ಮಡಿ ಕಂಪನ ಹುಟ್ಟಬಲ್ಲುದು. ಮಲಗಿಸಿದ ಶಾಫ್ಟು ತಿರುಗುವಾಗ ಬಿರುಕು ಕೆಳಗೆ ಬಂದಾಗ ಬಾಯಿ ತೆರೆದು ಮೇಲೆ ಹೋದಾಗ ಮುಚ್ಚುವುದರಿಂದ ಅದರ ಬಿಗಿತ ಒಂದೇ ಸಮನಾಗಿ ಉಳಿಯುವುದಿಲ್ಲ. ಇನ್ನು, ಸೆಕೆಂಡಿಗೆ ಹನ್ನೆರಡೂವರೆ ಸಲ, ಮೂವತ್ತೇಳೂವರೆ ಸಲ ಎಂಬಂತೆ ಅರ್ಧ, ಒಂದೂವರೆ ಪಟ್ಟಿನ ಕಂಪನಗಳು ಕಾಣಿಸಿದರೆ ರಾಮನ್ ಅವರ ದಾರವನ್ನು ನೆನೆಯಬೇಕು. ಬೇರಿಂಗಿನ ಮನೆಯ ಬೋಲ್ಟು ಸಡಿಲಗೊಂಡೋ, ತಿರುಗುವ ಭಾಗವು ನಿಂತ ಭಾಗಕ್ಕೆ ಉಜ್ಜಿಯೋ, ಶಾಫ್ಟಿಗೆ ದೊರೆಯುವ ಆಸರೆ ಒಂದು ಕ್ಷಣ ಬಿಗಿಯಾಗಿ ಒಂದು ಕ್ಷಣ ಸಡಿಲವಾಗುತ್ತಿರುವಾಗ ಈ ಅರ್ಧದ ಶ್ರೇಣಿ ಮೂಡುತ್ತದೆ. ದಾರದ ಬಿಗಿ ಏರಿಳಿದಾಗ ಆದದ್ದೇ ಇಲ್ಲಿ ಉಕ್ಕಿನಲ್ಲಿ ಆಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಕಂಪನವು ಸರಿಯಾಗಿ ಅರ್ಧವಾಗಿರದೆ ಅರ್ಧಕ್ಕಿಂತ ತುಸು ಕೆಳಗೆ, ಸೆಕೆಂಡಿಗೆ ಹನ್ನೊಂದು ಹನ್ನೆರಡು ಸಲ ಇದ್ದರೆ ರೋಗವೇ ಬೇರೆ. ಎಣ್ಣೆಯ ಪದರದ ಮೇಲೆ ತೇಲುವ ಬೇರಿಂಗುಗಳಲ್ಲಿ ಶಾಫ್ಟಿನ ಸುತ್ತಣ ಎಣ್ಣೆಯು ಹೆಚ್ಚುಕಡಮೆ ಅರ್ಧ ವೇಗದಲ್ಲಿ ಸುತ್ತುತ್ತ ಶಾಫ್ಟನ್ನೇ ತನ್ನೊಡನೆ ಸುಳಿಗೆ ಎಳೆದುಕೊಳ್ಳುತ್ತದೆ. ಇದಕ್ಕೆ ಬೋಲ್ಟು ಬಿಗಿದು ಫಲವಿಲ್ಲ. ಬೇರಿಂಗಿನ ಆಕಾರವನ್ನೋ ಅದರ ಮೇಲಿನ ಭಾರವನ್ನೋ ಎಣ್ಣೆಯ ಗುಣವನ್ನೋ ಬದಲಿಸಬೇಕಾಗುತ್ತದೆ. ಹನ್ನೆರಡಕ್ಕೂ ಹನ್ನೆರಡೂವರೆಗೂ ಇರುವ ಅಂತರ ಕೈಗೆ ತಿಳಿಯದು, ಅಳತೆಗೆ ತಿಳಿಯುತ್ತದೆ. ಅಳೆಯದೆ ಬೇರಿಂಗುಗಳನ್ನು ಮೇಲಿಂದ ಮೇಲೆ ಬದಲಿಸುವವರ ಹಣವೂ ಹೋಗುತ್ತದೆ, ಕೆಲವೊಮ್ಮೆ ಬಿರುಕುಬಿಟ್ಟ ಶಾಫ್ಟು ಮುರಿದು ಮನುಷ್ಯರ ಪ್ರಾಣಕ್ಕೂ ಸಂಚಕಾರ ಬರುತ್ತದೆ. ವಿದ್ಯುತ್ತಿನ ಸ್ವಿಚ್ಚನ್ನು ಆರಿಸಿದ ಕ್ಷಣವೇ ಅದುರು ಮಾಯವಾದರೆ ದೋಷ ಮೋಟಾರಿನ ವಿದ್ಯುತ್ ಭಾಗದಲ್ಲಿದೆ, ವೇಗ ಇಳಿದಂತೆ ಮೆಲ್ಲನೆ ಅಡಗಿದರೆ ಯಂತ್ರದ ಅಂಗದಲ್ಲಿದೆ ಎಂಬ ಸರಳ ಪರೀಕ್ಷೆಯನ್ನು ಒಳ್ಳೆಯ ಮೇಸ್ತ್ರಿಗಳೆಲ್ಲ ಬಲ್ಲರು. ನಮ್ಮ ಪ್ರೌಢಶಾಲೆಗಳ ಪ್ರಯೋಗಶಾಲೆಗಳಲ್ಲಿ ಶ್ರುತಿಕವೆಗಳು ಕಪಾಟಿನ ಬೀಗದೊಳಗೆ ಭದ್ರವಾಗಿರುತ್ತವೆ. ಒಂದು ದಾರ, ನಾಲ್ಕು ತೂಕದ ಬಟ್ಟುಗಳೊಡನೆ ಅವುಗಳನ್ನು ಮಕ್ಕಳ ಕೈಗೆ ಕೊಟ್ಟರೆ ಮೆಲ್ಡೆಯ ಪ್ರಯೋಗ ಒಂದು ಪಿರಿಯಡ್ಡಿನಲ್ಲಿ ಮುಗಿಯುತ್ತದೆ. ದಾನಿಗಳು ಕಟ್ಟಡಕ್ಕೆ ಕೊಡುವಷ್ಟೇ ಪ್ರೀತಿಯಿಂದ ಇದಕ್ಕೂ ಕೊಟ್ಟಾರೆಂದು ನನ್ನ ನಂಬುಗೆ.

ರಾಮನ್ ಅವರ ಪ್ರಯೋಗಶಾಲೆಯಲ್ಲಿ ತಿರುಗುವ ಚಕ್ರವೂ ಇತ್ತು. 1914, 1915ರ ಹೊತ್ತಿಗೆ ಅವರು ಬಿಟ್ಟುಬಿಟ್ಟು ಹರಿಯುವ ವಿದ್ಯುತ್ತಿನಿಂದ ಎಳೆಯಲ್ಪಡುವ ಹಲ್ಲುಗಳುಳ್ಳ ಕಬ್ಬಿಣದ ಚಕ್ರವನ್ನು ಪರೀಕ್ಷಿಸಿದರು. ಅಲ್ಲಿಯೂ ಅವರ ಕಣ್ಣು ನಾಟಿದ್ದು ಎಳೆತದ ವೇಗಕ್ಕೂ ಚಲನೆಯ ವೇಗಕ್ಕೂ ಇರುವ ಸರಳ ಅನುಪಾತಗಳ ಮೇಲೆಯೇ.

ಬಳಿಕ ಬಂದದ್ದು ತೋಳದ ಪ್ರಸಂಗ. ಪಿಟೀಲಿನ ಕುಲದ ದೊಡ್ಡ ವಾದ್ಯವಾದ ಚೆಲ್ಲೊ ಎಂಬುದರಲ್ಲಿ ಯಾವುದೋ ಒಂದು ಸ್ವರದ ಹತ್ತಿರ ಕಮಾನು ಎಷ್ಟು ಹದವಾಗಿ ಎಳೆದರೂ ಧ್ವನಿ ನಿಲ್ಲದೆ ತೊದಲುತ್ತದೆ, ಗುರುಗುಟ್ಟುತ್ತದೆ. ಪಾಶ್ಚಾತ್ಯ ವಾದಕರು ಅದನ್ನು ತೋಳದ ಸ್ವರವೆಂದು ಕರೆದು ಶಪಿಸುತ್ತಿದ್ದರು. ರಾಮನ್ ಅವರು ತಂತಿಯ ಕಂಪನವನ್ನೂ ವಾದ್ಯದ ಒಡಲ ಹಲಗೆಯ ಕಂಪನವನ್ನೂ ಏಕಕಾಲದಲ್ಲಿ ಛಾಯಾಫಲಕದ ಮೇಲೆ ಮೂಡಿಸಿದರು. ಅದರಿಂದ ಗುಟ್ಟು ರಟ್ಟಾಯಿತು. ತಂತಿಯ ಸ್ವರವು ಒಡಲಿನ ಸಹಜ ಕಂಪನಕ್ಕೆ ಹೊಂದಿಕೊಂಡ ಕೂಡಲೇ ಒಡಲು ತಂತಿಯ ಶಕ್ತಿಯನ್ನೆಲ್ಲ ಹೀರತೊಡಗುತ್ತದೆ. ಕಮಾನಿನ ಒತ್ತು ಆ ವೆಚ್ಚವನ್ನು ಭರಿಸಲಾರದೆ ತಂತಿಯು ಮೂಲಸ್ವರವನ್ನು ಬಿಟ್ಟು ಮೇಲಿನ ಸ್ಥಾಯಿಗೆ ನೆಗೆಯುತ್ತದೆ. ಆಗ ಒಡಲು ತಣ್ಣಗಾಗುತ್ತದೆ. ತಣ್ಣಗಾದೊಡನೆ ಮೂಲಸ್ವರ ಮರಳುತ್ತದೆ. ಮತ್ತೆ ಅದೇ ಕಥೆ. ದೋಷವು ತಂತಿಯಲ್ಲಿಯೂ ಇರಲಿಲ್ಲ, ವಾದಕನ ಕೈಯಲ್ಲಿಯೂ ಇರಲಿಲ್ಲ. ಈ ಲೇಖನಗಳು 1916ರಲ್ಲಿಯೂ 1918ರಲ್ಲಿಯೂ ಫಿಲಸಾಫಿಕಲ್ ಮ್ಯಾಗಜೀನಿನಲ್ಲಿ ಬಂದವು.

ಅದೇ ಪತ್ರಿಕೆಯಲ್ಲಿ, 1919ರಲ್ಲಿ, ಜೆಫ್‌ಕಾಟ್ ಎಂಬ ಎಂಜಿನಿಯರು ಶಾಫ್ಟಿನ ಕಂಪನವನ್ನು ಕುರಿತು ಬರೆದ ಪ್ರಸಿದ್ಧ ಲೇಖನವೂ ಬಂದಿತೆಂಬುದು ಗಮನಾರ್ಹ. ಶಾಫ್ಟಿಗೆ ಒಂದು ಗಂಡಾಂತರದ ವೇಗವಿರುತ್ತದೆ. ಅದನ್ನು ಮೀರಿ ಓಡಿಸುವುದು ಅಸಾಧ್ಯವೆಂದು 1869ರಲ್ಲಿ ರ‍್ಯಾಂಕಿನ್ ಎಂಬ ಹಿರಿಯ ವಿದ್ವಾಂಸನೇ ನಿರ್ಣಯಿಸಿಬಿಟ್ಟಿದ್ದನು. ಸ್ವೀಡನ್ನಿನ ಡಿ ಲಾವಾಲ್ ಎಂಬಾತನು ಅದಕ್ಕೆ ಸೊಪ್ಪುಹಾಕದೆ, ಬಳುಕುವ ತೆಳ್ಳನೆಯ ಶಾಫ್ಟಿನ ಮೇಲೆ ತನ್ನ ಹಬೆಯಂತ್ರವನ್ನು ಆ ವೇಗದ ಆಚೆಗೂ ನಿಶ್ಚಿಂತೆಯಿಂದ ಓಡಿಸಿ ತೋರಿಸಿದನು. ಅದೇಕೆ ಸಾಧ್ಯವೆಂಬುದನ್ನು ಜೆಫ್‌ಕಾಟ್ ವಿಶದಪಡಿಸಿದನು: ಗಂಡಾಂತರವನ್ನು ದಾಟಿದ ಮೇಲೆ ಭಾರವಾದ ಮಗ್ಗುಲು ಒಳಮುಖವಾಗಿ ತಿರುಗಿ, ಶಾಫ್ಟು ತನ್ನ ತೂಕದ ನಡುವನ್ನೇ ಆಶ್ರಯಿಸಿ ಸುತ್ತುತ್ತದೆ. ತೋಳದ ಸ್ವರಕ್ಕೂ ಕಾರ್ಖಾನೆಯಲ್ಲಿ ಒಡಹುಟ್ಟಿದವನಿದ್ದಾನೆ. ಮೋಟಾರೊಂದನ್ನು ಅಲುಗುವ ಮೇಜಿನ ಮೇಲಿರಿಸಿ ವಿದ್ಯುತ್ತನ್ನು ಹೆಚ್ಚಿಸುತ್ತ ಹೋದರೆ, ಮೇಜಿನ ಸಹಜ ಕಂಪನದ ಬಳಿ ಬಂದಾಗ ಮೋಟಾರಿನ ವೇಗ ಏರುವುದೇ ಇಲ್ಲ. ಕೊಟ್ಟ ಶಕ್ತಿಯೆಲ್ಲ ಮೇಜನ್ನು ಅಲುಗಿಸುವುದಕ್ಕೇ ವ್ಯಯವಾಗುತ್ತದೆ. ಜರ್ಮನಿಯ ಸೊಮರ್‌ಫೆಲ್ಡ್ ಅವರು ಇದನ್ನು 1902ರಲ್ಲಿ ವರ್ಣಿಸಿದ್ದರು. ಅದೇ ಸೊಮರ್‌ಫೆಲ್ಡ್ 1928ರಲ್ಲಿ ಕಲ್ಕತ್ತೆಗೆ ಬಂದು ರಾಮನ್ ಅವರ ಬೆಳಕಿನ ಪ್ರಯೋಗವನ್ನು ಕಂಡರು! ಶಾಫ್ಟನ್ನು ಶಂಕಿಸುವುದಕ್ಕೆ ಮುನ್ನ ತಳಹದಿಯನ್ನು ತಟ್ಟಿ ನೋಡಬೇಕೆಂಬ ಮಾತು ಚೆಲ್ಲೊ ವಾದ್ಯಕ್ಕೂ ಪಂಪಿಗೂ ಸಮಾನವಾಗಿ ಸಲ್ಲುತ್ತದೆ.

1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪದವಿಯನ್ನು ಸ್ವೀಕರಿಸಲು ರಾಮನ್ ಅವರು ಸರ್ಕಾರದ ಹುದ್ದೆಯನ್ನು ತ್ಯಜಿಸಿದರು. ಸಂಬಳ ಬಹುಮಟ್ಟಿಗೆ ಇಳಿಯುವುದೆಂದು ಬಲ್ಲವರಾಗಿದ್ದರೂ ಹಿಂಜರಿಯಲಿಲ್ಲ. ಮರುವರ್ಷ ಕಮಾನಿನಿಂದ ನುಡಿಸುವ ತಂತಿಗಳ ಕಂಪನವನ್ನು ಕುರಿತ ಅವರ ದೊಡ್ಡ ಪ್ರಬಂಧ ಪ್ರಕಟವಾಯಿತು. 1920ರಲ್ಲಿ ಮೋಟಾರಿನ ಸಹಾಯದಿಂದ ಪಿಟೀಲನ್ನು ನುಡಿಸುವ ಯಂತ್ರವನ್ನೇ ಕಟ್ಟಿದರು. ವಾದಕನ ಕೈ ಒಂದು ಸಲದಂತೆ ಇನ್ನೊಂದು ಸಲ ಒತ್ತದು. ಆದುದರಿಂದ ಕಮಾನನ್ನು ಸ್ಥಿರವಾಗಿ ನಿಲ್ಲಿಸಿ ಪಿಟೀಲನ್ನೇ ಸಮವೇಗದಲ್ಲಿ ಹಿಂದೆ ಮುಂದೆ ಸರಿಸಿ, ವೇಗವನ್ನೂ ಒತ್ತನ್ನೂ ಬೇರೆಬೇರೆಯಾಗಿ ಅಳೆದರು. ಅದೇ ವರ್ಷ ಶಿವಕಾಲಿ ಕುಮಾರ್ ಅವರೊಡನೆ ಮೃದಂಗವನ್ನು ಕುರಿತು ಬರೆದರು. ಸಾಮಾನ್ಯವಾದ ಡೋಲಿನ ಚರ್ಮ ಹೊರಡಿಸುವ ಧ್ವನಿಗಳು ಒಂದಕ್ಕೊಂದು ಹೊಂದದೆ ಗದ್ದಲವಾಗುತ್ತವೆ. ನಮ್ಮ ಪೂರ್ವಿಕರು ಮೃದಂಗದ ಬಲಮುಖದ ನಡುವೆ ಕರಣೆಯನ್ನು ಮೆತ್ತಿ ಆ ಭಾರದಿಂದ ಚರ್ಮದ ಪುಂಡ ಕಂಪನಗಳನ್ನು ಶ್ರುತಿಗೆ ತಂದಿದ್ದಾರೆ. ಒಂಬತ್ತು ಬಗೆಯ ಕಂಪನಗಳು ಐದು ಸುಸ್ವರಗಳಲ್ಲಿ ಅಡಗುವುದನ್ನು ರಾಮನ್ ತೋರಿಸಿಕೊಟ್ಟರು. ತಕ್ಕ ಎಡೆಯಲ್ಲಿ ತಕ್ಕಷ್ಟು ತೂಕವನ್ನಿಟ್ಟು ನಡುಕವನ್ನು ಪಳಗಿಸುವ ಈ ವಿದ್ಯೆ, ತಿರುಗುವ ಚಕ್ರಕ್ಕೆ ಸಮತೂಕದ ತುಂಡನ್ನು ಅಂಟಿಸುವ ಇಂದಿನ ಕುಶಲಕರ್ಮಿಗೆ ಅಪರಿಚಿತವಾದೀತೆ?

1921ರ ಸಮುದ್ರಯಾನ, ಕಡಲಿನ ನೀಲಿ, 1924ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, ಮುಂದಿನ ಬೆಳಕಿನ ಕಥೆ ಎಲ್ಲರಿಗೂ ವಿದಿತವಾದದ್ದು, ಇಲ್ಲಿ ವಿಸ್ತರಿಸುವುದಿಲ್ಲ.

1933ರಲ್ಲಿ ಅವರು ನಮ್ಮ ಊರಿನವರಾದರು. ಯಶವಂತಪುರದ ಮಗ್ಗುಲಲ್ಲಿರುವ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಥಮ ಭಾರತೀಯ ನಿರ್ದೇಶಕರಾಗಿ ಬಂದರು. ಮರುವರ್ಷವೇ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಅದರ ನಡವಳಿಗಳ ಮೊದಲ ಸಂಪುಟದಲ್ಲಿಯೇ ಭಾರತೀಯ ಚರ್ಮವಾದ್ಯಗಳನ್ನು ಕುರಿತು ಮತ್ತೆ ಬರೆದರು. ಆದರೆ ಆಡಳಿತದಲ್ಲಿ ಅವರಿಗೆ ಶಾಂತಿ ಲಭಿಸಲಿಲ್ಲ. ತಂತಿಯ ಅಪಸ್ವರಕ್ಕೆ ವರ್ಷಗಟ್ಟಲೆ ಕಿವಿಗ್ೊಟ್ಟವರು ಸಹೋದ್ಯೋಗಿಗಳ ಅಪಸ್ವರಕ್ಕೆ ಅಷ್ಟು ಸೈರಣೆ ತೋರಲಿಲ್ಲವೆಂದೇ ಹೇಳಬೇಕಾಗಿದೆ. ಕಮಲಾ ಸೊಹೊನಿಯವರಿಗೆ ಹೆಣ್ಣೆಂಬ ಕಾರಣದಿಂದ ಪ್ರವೇಶವನ್ನು ನಿರಾಕರಿಸಿ, ಆಕೆ ಪಟ್ಟುಹಿಡಿದ ಮೇಲೆ ಷರತ್ತುಗಳೊಡನೆ ಸೇರಿಸಿಕೊಂಡದ್ದು ಅವರ ಜೀವನದ ಒಂದು ಕಪ್ಪುಚುಕ್ಕೆ. ದೊಡ್ಡವರ ಚರಿತ್ರೆಯೆಂದು ಇದನ್ನು ಮುಚ್ಚಿಡುವುದು ಸಲ್ಲ. 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿಯೇ ಮುಂದುವರಿದರು.

ನಿವೃತ್ತರಾದ ಮೇಲೆ ಹೆಬ್ಬಾಳದ ಹಾದಿಯಲ್ಲಿ, ಮೇಖ್ರಿ ವೃತ್ತದ ಸಮೀಪ, ತಮ್ಮ ಹೆಸರಿನ ಸಂಶೋಧನಾ ಸಂಸ್ಥೆಯನ್ನು ಕಟ್ಟಿಕೊಂಡು ಹರಳು, ಹೂವು, ವಜ್ರ, ಬಣ್ಣಗಳ ನಡುವೆ ಉಳಿದ ಆಯುಷ್ಯವನ್ನು ಕಳೆದರು. ಅಲ್ಲಿಂದ ಬಹುದೂರವಿಲ್ಲದೆ, ಅವರ ಹೆಸರನ್ನೇ ಹೊತ್ತ ರಸ್ತೆಯಲ್ಲಿ, 1960ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಿದೆ. ವಿದ್ಯುತ್ ಸ್ಥಾವರಗಳಿಗೆ ಹೋಗಬೇಕಾದ ಸಲಕರಣೆಗಳನ್ನು ಅಲುಗುವ ವೇದಿಕೆಯ ಮೇಲೇರಿಸಿ, ಭೂಕಂಪಕ್ಕೆ ಅವು ತಾಳಬಲ್ಲವೇ ಎಂದು ಅಳೆದು ನೋಡುವ ಪ್ರಯೋಗಶಾಲೆ ಅಲ್ಲಿದೆ. ಯಶವಂತಪುರದಿಂದ ಮೇಖ್ರಿ ವೃತ್ತಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತವರು ಈ ಕಟ್ಟಡಗಳನ್ನು ದಿನವೂ ಹಾದುಹೋಗುತ್ತಾರೆ.

ಪ್ರತಿವರ್ಷ ಅಕ್ಟೋಬರ್ 2ರಂದು ರಾಮನ್ ಅವರು ತಮ್ಮ ಸಂಸ್ಥೆಯಲ್ಲಿ ಗಾಂಧಿ ಸ್ಮಾರಕ ಉಪನ್ಯಾಸವನ್ನು ನೀಡುತ್ತಿದ್ದರು. 1970ರಲ್ಲಿ, ತಮ್ಮ ಎಂಬತ್ತೆರಡನೆಯ ವರ್ಷದಲ್ಲಿ, ಅವರು ಆರಿಸಿಕೊಂಡ ವಿಷಯ ಕಿವಿ: ಹೊರಗಿನ ಗಾಳಿಯ ಕಂಪನವು ಕಿವಿಯ ಒಳಗಿನ ಸುರುಳಿಯಲ್ಲಿ ಹೇಗೆ ಶಬ್ದಜ್ಞಾನವಾಗುತ್ತದೆಂಬುದು. ಅದೇ ಅವರ ಕೊನೆಯ ಗಾಂಧಿ ಉಪನ್ಯಾಸವಾಯಿತು. ಕೆಲವೇ ವಾರಗಳಲ್ಲಿ ಹೃದಯಬೇನೆಯಿಂದ ಕುಸಿದರು. ಆಸ್ಪತ್ರೆಯಲ್ಲಿ ಉಳಿಯಲೊಪ್ಪದೆ ತಮ್ಮ ಸಂಸ್ಥೆಯ ತೋಟದ ನಡುವಣ ಮನೆಗೆ ಮರಳಿ, ನವೆಂಬರ್ 21ರಂದು ದಿವಂಗತರಾದರು. ಆ ತೋಟದಲ್ಲಿಯೇ ಅವರ ದೇಹವನ್ನು ಅಗ್ನಿಗೆ ಅರ್ಪಿಸಲಾಯಿತು. ಅಲ್ಲಿ ಕಲ್ಲಿನ ಸಮಾಧಿಯಿಲ್ಲ, ಒಂದು ಮರವನ್ನು ನೆಟ್ಟಿದ್ದಾರೆ.